ಬಟ್ಟೆಯಡಿಯ ಮರಳು: ಗೀರಿಲ್ಲದೆ ಕಾರು ತೊಳೆಯುವ ಪ್ರಶ್ನೆ

ಕಪ್ಪು ಅಥವಾ ಕಡುನೀಲಿ ಬಣ್ಣದ ಕಾರೊಂದನ್ನು ನಡುಮಧ್ಯಾಹ್ನದ ಬಿಸಿಲಲ್ಲಿ ನಿಲ್ಲಿಸಿ, ಬಾನೆಟ್ಟಿನ ಮೇಲೆ ಸೂರ್ಯ ಹೊಳೆಯುವ ಜಾಗವನ್ನು ನೋಡಿ. ಆ ಬೆಳಕಿನ ಚುಕ್ಕಿಯ ಸುತ್ತ ಜೇಡರ ಬಲೆಯಂತೆ ಸಾವಿರಾರು ಕೂದಲೆಳೆ ಗೀರುಗಳು ಸುತ್ತುಸುತ್ತಾಗಿ ಕಾಣುತ್ತವೆ. ನೀವು ಒಂದು ಹೆಜ್ಜೆ ಸರಿದರೆ ಬಲೆಯೂ ಜೊತೆಗೇ ಸರಿಯುತ್ತದೆ. ಗೀರುಗಳು ನಿಜವಾಗಿ ಸುತ್ತಾಗಿಲ್ಲ. ಎಲ್ಲ ದಿಕ್ಕಿಗೂ ಎಳೆದ ಗೆರೆಗಳೇ ಅವು. ಬೆಳಕಿಗೆ ಅಡ್ಡವಾಗಿರುವ ಗೆರೆಗಳು ಮಾತ್ರ ಹೊಳೆದು ಕಣ್ಣಿಗೆ ಬೀಳುವುದರಿಂದ ಬಲೆ ಕಟ್ಟಿದಂತೆ ತೋರುತ್ತದೆ. ದುಂಡಗೆ ಉಜ್ಜಿದ್ದಕ್ಕೇ ದುಂಡು ಗೀರು ಬಿತ್ತು ಎಂಬ ಮಾತು ಎಲ್ಲ ಕಡೆ ಕೇಳಿಬರುತ್ತದೆ. ಅದು ಸರಿಯಲ್ಲ.

ನನ್ನ ಕಾರು ಮೂರು ವರ್ಷದಲ್ಲಿ ಯಾವ ಗೋಡೆಗೂ ತಾಗಿಲ್ಲ, ಯಾವ ಸ್ಕೂಟರೂ ಅದಕ್ಕೆ ಸವರಿಕೊಂಡು ಹೋಗಿಲ್ಲ. ಆದರೂ ಆ ಬಲೆ ಅದರ ಮೈತುಂಬ ಇದೆ. ಅಪಘಾತದಿಂದ ಬಂದದ್ದಲ್ಲ, ಆರೈಕೆಯಿಂದ ಬಂದದ್ದು. ಚೊಕ್ಕಟವಾಗಿಡಲು ಮಾಡಿದ ಕೆಲಸವೇ ಹೊಳಪನ್ನು ಕೆಡಿಸುತ್ತದೆ ಎಂದಾದರೆ, ಕಾರನ್ನು ತೊಳೆಯುವುದಾದರೂ ಹೇಗೆ? ಇದಕ್ಕೆ ವರ್ಕ್‌ಶಾಪಿನವರು ಒಂದು ಉತ್ತರ ಕೊಡುತ್ತಾರೆ, ಡೀಟೇಲಿಂಗ್ ಅಂಗಡಿಯವರು ಇನ್ನೊಂದು, ಅಪಾರ್ಟ್‌ಮೆಂಟಿನ ನೀರಿನ ಸಮಿತಿಯವರು ಮತ್ತೊಂದು. ಬೆಂಗಳೂರಿನಂಥ ಊರಿನಲ್ಲಿ ಇದು ಬಣ್ಣದ ಪ್ರಶ್ನೆಯಷ್ಟೇ ಅಲ್ಲ, ನೀರಿನ ಪ್ರಶ್ನೆಯೂ ಹೌದು, ದಿನಗೂಲಿಯ ಪ್ರಶ್ನೆಯೂ ಹೌದು.

ಗೀರು ಎಳೆಯುವವನು ಯಾರು

ಲಾಲ್‌ಬಾಗಿನ ಗುಡ್ಡದ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು. ನಮ್ಮ ದಕ್ಷಿಣ ಕರ್ನಾಟಕದ ಬಹುಭಾಗ ನಿಂತಿರುವುದು ಇದೇ ಬಗೆಯ ನೈಸ್ ಶಿಲೆಯ ಮೇಲೆ. ಆ ಕಲ್ಲು ಮಳೆಬಿಸಿಲಿಗೆ ಸವೆದಾಗ ಅದರೊಳಗಿನ ಫೆಲ್ಡ್‌ಸ್ಪಾರ್ ಜೇಡಿಯಾಗುತ್ತದೆ, ಕಬ್ಬಿಣದ ಅಂಶ ತುಕ್ಕಾಗಿ ಮಣ್ಣಿಗೆ ಕೆಂಪು ಕೊಡುತ್ತದೆ. ಬೆಣಚುಕಲ್ಲಿನ ಕಣ ಮಾತ್ರ ಹಾಗೆಯೇ ಉಳಿಯುತ್ತದೆ. ಮೋಸ್ ಗಡಸುತನದ ಮಾಪನದಲ್ಲಿ ಬೆಣಚು 7, ಕಿಟಕಿಯ ಗಾಜು ಸುಮಾರು 5.5. ಗಾಜನ್ನೇ ಗೀರಬಲ್ಲ ಈ ಕಣ ಕೆಂಧೂಳಿನ ಪ್ರತಿ ಚಿಟಿಕೆಯಲ್ಲೂ ಇದೆ. ಜೊತೆಗೆ ಕಟ್ಟಡ ಕಟ್ಟುವಲ್ಲಿಂದ ಹಾರಿಬರುವ ಎಂ-ಸ್ಯಾಂಡ್ ಪುಡಿ ಬೇರೆ. ಅದು ಒಡೆದ ಗ್ರಾನೈಟಿನದೇ ಪುಡಿ, ನದಿಯ ಮರಳಿನಂತೆ ಉರುಳಿ ನುಣುಪಾದದ್ದಲ್ಲ. ಅದರ ಅಂಚು ಇನ್ನೂ ಚೂಪು.

ಈ ಕಣ ಬೀಳುವುದು ಎಂಥದರ ಮೇಲೆ? ಇಂದಿನ ಕಾರಿನ ಬಣ್ಣ ಒಂದೇ ಪದರವಲ್ಲ. ಲೋಹದ ಮೇಲೆ ತುಕ್ಕು ತಡೆಯುವ ಪದರ, ಅದರ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲಕ್ಕಿಂತ ಮೇಲೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಪದರ. ಎಲ್ಲ ಸೇರಿದರೂ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. ಕ್ಲಿಯರ್ ಕೋಟ್ ಒಂದೇ 35ರಿಂದ 50 ಮೈಕ್ರಾನ್. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ ಎಂದು ಇಟ್ಟುಕೊಂಡರೆ, ಕಾರಿನ ಇಡೀ ಹೊಳಪು ಒಂದು ಕೂದಲಿಗಿಂತ ತೆಳುವಾದ ಪ್ಲಾಸ್ಟಿಕ್ಕಿನ ಮೇಲೆ ನಿಂತಿದೆ. ಬಣ್ಣವನ್ನು ಬಿಸಿಲಿನ ಅತಿನೇರಳೆ ಕಿರಣದಿಂದ ಕಾಯುವುದೂ ಅದೇ ಪದರ. ಪಾಲಿಶ್ ಮಾಡಿ ಗೀರು ತೆಗೆಸುವುದೆಂದರೆ ಆ ಪದರವನ್ನೇ ಸ್ವಲ್ಪ ಸ್ವಲ್ಪ ಹೆರೆದು ಗೀರಿನ ತಳಕ್ಕೆ ಸಮ ಮಾಡುವುದು. ಹಾಗೆ ಎಷ್ಟು ಸಲ ಮಾಡಬಹುದು ಎಂಬುದಕ್ಕೆ ಮಿತಿ ಇದೆ.

ಹಾಗಾಗಿ ಯಾವ ಪಂಥದವರೂ ತಕರಾರು ತೆಗೆಯದ ಒಂದು ಮಾತಿದೆ. ಗೀರು ಎಳೆಯುವುದು ನೀರಲ್ಲ, ಸೋಪಲ್ಲ, ಮೆತ್ತನೆಯ ಬಟ್ಟೆಯೂ ಅಲ್ಲ. ಬಟ್ಟೆಗೂ ಬಣ್ಣಕ್ಕೂ ನಡುವೆ ಸಿಕ್ಕಿಕೊಂಡ ಮರಳಿನ ಕಣ, ಅದರ ಮೇಲೆ ಕೈಯ ಭಾರ, ಆ ಭಾರದಲ್ಲಿ ಅದು ಜಾರುವ ದೂರ: ಈ ಮೂರೂ ಸೇರಿದಾಗ ಗೀರು. ವಾದ ಶುರುವಾಗುವುದು ಈ ಮೂರರಲ್ಲಿ ಯಾವುದನ್ನು ತಪ್ಪಿಸಬೇಕು ಎಂಬಲ್ಲಿ.

ವಾರ್ನಿಶ್‌ನಿಂದ ಕ್ಲಿಯರ್ ಕೋಟ್‌ವರೆಗೆ

ಮೊದಮೊದಲ ಕಾರುಗಳಿಗೆ ಕುದುರೆಗಾಡಿಯ ಬಣ್ಣವನ್ನೇ ಹಚ್ಚುತ್ತಿದ್ದರು. ಎಣ್ಣೆ ವಾರ್ನಿಶ್‌ನ ಪದರದ ಮೇಲೆ ಪದರ. ಒಣಗಲು ವಾರಗಟ್ಟಲೆ ಕಾಯಬೇಕು. ಫೋರ್ಡ್ ಕಂಪನಿಯ ಮಾಡೆಲ್ ಟಿ 1914ರಿಂದ 1925ರವರೆಗೆ ಕಪ್ಪು ಬಣ್ಣದಲ್ಲಿ ಮಾತ್ರ ಬಂದದ್ದು ಕಾರು ತಯಾರಿಕೆ ಅವಸರಕ್ಕೆ ಬಿದ್ದ ಕಾಲದಲ್ಲೇ. 1924ರ ಮಾದರಿಯ ಓಕ್‌ಲ್ಯಾಂಡ್ ಕಾರುಗಳ ಮೇಲೆ ಡುಪಾಂಟ್ ಕಂಪನಿಯ ಡ್ಯೂಕೋ ಬಣ್ಣ ಬಂದಾಗ ವಾರಗಳ ಕೆಲಸ ಗಂಟೆಗಳಿಗೆ ಇಳಿಯಿತು. ಆ ಹೆಸರು ನಮ್ಮಲ್ಲಿ ಇನ್ನೂ ಬದುಕಿದೆ. ಮಂಚಕ್ಕೆ, ಬಾಗಿಲಿಗೆ ಹೊಳೆಯುವ ಸ್ಪ್ರೇ ಬಣ್ಣ ಹೊಡೆಯುವ ಬಡಗಿಗಳು ಈಗಲೂ ‘ಡ್ಯೂಕೋ ಹೊಡೀತೀವಿ’ ಎನ್ನುತ್ತಾರೆ.

ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳ ಕಾಲದಲ್ಲಿ ಬಣ್ಣದ ಮೇಲೆ ಪಾರದರ್ಶಕ ಪದರ ಇರಲಿಲ್ಲ, ಮೇಲಿದ್ದದ್ದು ಬಣ್ಣವೇ. ಪಾಲಿಶ್ ಹಾಕಿ ಉಜ್ಜಿದರೆ ಬಟ್ಟೆಗೆ ಕಾರಿನ ಬಣ್ಣ ಹತ್ತುತ್ತಿತ್ತು. ನಮ್ಮ ಚಿಕ್ಕಪ್ಪ ಪ್ರತಿ ಭಾನುವಾರ ಹಳೇ ಪಂಚೆಯನ್ನು ಒದ್ದೆ ಮಾಡಿ ಅಂಬಾಸಿಡರನ್ನು ತಿಕ್ಕುತ್ತಿದ್ದುದು ನನಗೆ ನೆನಪಿದೆ. ಆ ಕೆನೆಬಣ್ಣದ ಮೇಲೆ ಗೀರು ಬಿದ್ದರೂ ಕಾಣುತ್ತಿರಲಿಲ್ಲ, ಕಂಡರೂ ಪಾಲಿಶ್ ಅದನ್ನು ನುಂಗುತ್ತಿತ್ತು. 1980ರ ದಶಕದಲ್ಲಿ ಜಗತ್ತಿನ ಕಾರ್ಖಾನೆಗಳಲ್ಲಿ ಕ್ಲಿಯರ್ ಕೋಟ್ ಹರಡಿತು, ಆಮೇಲೆ ನಮ್ಮ ಕಾರುಗಳಿಗೂ ಬಂತು. ಕನ್ನಡಿಯಂಥ ಆಳ, ಮೆಟಾಲಿಕ್ ಮಿನುಗು ಎಲ್ಲ ಅದರಿಂದಲೇ. ಆದರೆ ಕನ್ನಡಿಯ ಮೇಲೆ ಬಿದ್ದ ಪ್ರತಿ ಗೆರೆಯೂ ಕಾಣುತ್ತದೆ. ಪಂಚೆಯ ರೂಢಿ ಹಾಗೇ ಉಳಿಯಿತು. ಅದರ ಅಡಿಯ ಬಣ್ಣ ಬದಲಾಯಿತು. ಇಂದಿನ ಅರ್ಧ ಜಗಳ ಈ ಹೊಂದಿಕೆಯಾಗದ ಜೋಡಿಯಿಂದಲೇ ಹುಟ್ಟಿದ್ದು ಎಂದು ನನ್ನ ಅನಿಸಿಕೆ.

ದಿನಾ ಒರೆಸುವವರು

ಬೆಳಗಿನ ಐದೂವರೆಗೆ ಯಾವುದೇ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿಗೆ ಇಳಿಯಿರಿ. ಒಂದು ಬಕೆಟ್, ಎರಡು ಬಟ್ಟೆ, ಒಬ್ಬ ಮನುಷ್ಯ, ಹತ್ತು ಹದಿನೈದು ಕಾರು. ಕಾರಿಗೆ ತಿಂಗಳಿಗೆ ಕೆಲವು ನೂರು ರೂಪಾಯಿ. ಬಟ್ಟೆಯನ್ನು ಅದ್ದಿ, ಹಿಂಡಿ, ಟಾಪ್‌ನಿಂದ ಬಂಪರಿನವರೆಗೆ ಒರೆಸಿ ಮತ್ತೆ ಅದೇ ಬಕೆಟ್ಟಿಗೆ. ಐದನೇ ಕಾರಿನ ಹೊತ್ತಿಗೆ ನೀರು ಟೀ ಬಣ್ಣಕ್ಕೆ ತಿರುಗಿರುತ್ತದೆ.

ಈ ಪದ್ಧತಿಯ ಪರವಾಗಿ ಒಂದು ಗಟ್ಟಿ ವಾದವಿದೆ. ಧೂಳು ಒಂದು ದಿನದ್ದಾಗಿದ್ದಾಗ ಸಡಿಲವಾಗಿರುತ್ತದೆ; ವಾರ ಬಿಟ್ಟರೆ ಇಬ್ಬನಿಗೆ ನೆನೆದು, ಬಿಸಿಲಿಗೆ ಒಣಗಿ ಗಟ್ಟಿಯಾಗುತ್ತದೆ. ಹಕ್ಕಿಯ ಹಿಕ್ಕೆ, ಹೊಂಗೆ ಮರದ ಅಂಟು, ಮಳೆಮರದ ಹೂವಿನ ರಸ ಇವೆಲ್ಲ ಅಂದಂದೇ ತೆಗೆದರೆ ಕಲೆ ಉಳಿಯುವುದಿಲ್ಲ. ನೀರೂ ಕಡಿಮೆ, ಕಾರಿಗೆ ಎರಡು ಲೀಟರ್ ಸಾಕು. ಇದನ್ನು ತಳ್ಳಿಹಾಕುವಂತಿಲ್ಲ.

ಆದರೆ ಗೀರಿನ ಲೆಕ್ಕ ಹಾಕಿದರೆ ಇಷ್ಟು ಹಾನಿ ಮಾಡುವ ಪದ್ಧತಿ ಬೇರೆ ಇಲ್ಲ. ಸ್ವಲ್ಪವೇ ತೇವವಿರುವ ಬಟ್ಟೆ ಧೂಳನ್ನು ತೇಲಿಸುವುದಿಲ್ಲ, ಅರೆಯುತ್ತದೆ. ಸಾಣೆಕಲ್ಲಿನ ಮೇಲೆ ನೀರು ಚಿಮುಕಿಸಿ ಗಂಧ ತೇಯ್ದ ಹಾಗೆ. ಬಕೆಟ್ಟಿನ ತಳದಲ್ಲಿ ಕುಳಿತ ಬೆಣಚು ಪ್ರತಿ ಸಲ ಅದ್ದಿದಾಗಲೂ ಬಟ್ಟೆಗೆ ಹತ್ತಿ ಮೇಲೆ ಬರುತ್ತದೆ. ಇದು ವರ್ಷಕ್ಕೆ 300ಕ್ಕೂ ಹೆಚ್ಚು ಸಲ.

ನಮ್ಮ ಬೇಸ್‌ಮೆಂಟಿನಲ್ಲಿ ಕಾರು ಒರೆಸುವ ಅಣ್ಣನನ್ನು ಒಮ್ಮೆ ಕೇಳಿದೆ: ‘ಅಣ್ಣ, ಧೂಳೇ ಇಲ್ಲದ ದಿನ ನಂದನ್ನ ಬಿಟ್ಟುಬಿಡಿ, ಪರವಾಗಿಲ್ಲ.’

‘ಹಂಗೆ ಬಿಟ್ರೆ ಬಂದೇ ಇಲ್ಲ ಅಂತಾರೆ ಸಾರ್. ಕೆಳಗೆ ನೀರು ತೊಟ್ಟಿಕ್ಕಿರೋದು ಕಾಣ್ಬೇಕು, ಆಗ್ಲೇ ದುಡ್ಡು.’

ಈ ಮಾತು ನನಗೆ ಯಾವ ಡೀಟೇಲಿಂಗ್ ಕೈಪಿಡಿಯಲ್ಲೂ ಸಿಕ್ಕಿರಲಿಲ್ಲ. ನೆಲದ ಮೇಲಿನ ಒದ್ದೆ ಗುರುತೇ ಅವರ ಹಾಜರಿ. ಬಣ್ಣಕ್ಕೆ ಬೇಕೋ ಬೇಡವೋ, ಸಂಬಳಕ್ಕಾಗಿ ಒರೆಸಲೇಬೇಕು. ದಿನಾ ಒರೆಸುವ ಪದ್ಧತಿಯನ್ನು ಅಜ್ಞಾನ ಎಂದು ಬರೆಯುವವರು ಈ ಒಪ್ಪಂದವನ್ನು ನೋಡಿಲ್ಲ.

ಮೇಣ ಸವರಿದ ಹತ್ತಿಯ ಡಸ್ಟರ್ ಇದೇ ಪಂಥದ ಸುಧಾರಿತ ರೂಪ. ಒದ್ದೆ ಬಟ್ಟೆಗಿಂತ ಮೇಲು, ಭಾರ ಬೀಳುವುದಿಲ್ಲ. ಬಿಳಿ ಕಾರಿಗೆ ನಡೆಯುತ್ತದೆ. ಕಪ್ಪು ಕಾರಿನವರು ಅದನ್ನು ಮುಟ್ಟದಿದ್ದರೆ ಒಳ್ಳೆಯದು.

ಮುಟ್ಟದೆ ತೊಳೆಯುವವರು

ಇದರ ನೇರ ವಿರುದ್ಧ ತುದಿಯಲ್ಲಿರುವುದು ‘ವಾಟರ್ ಸರ್ವಿಸ್’. ಊರ ಹೊರಗಿನ ರಸ್ತೆಬದಿಯ ರ‍್ಯಾಂಪು, ಮೋಟಾರಿನ ಸದ್ದು, ಮಳೆಯಂತೆ ಹಾರುವ ಹನಿ. ಈಗ ಅದಕ್ಕೆ ಫೋಮ್ ಸೇರಿದೆ: ಮೊದಲು ನೀರು ಹೊಡೆದು, ದಪ್ಪ ನೊರೆ ಹೊದಿಸಿ, ನಾಲ್ಕೈದು ನಿಮಿಷ ಬಿಟ್ಟು, ಮತ್ತೆ ನೀರು. ಇವರ ತರ್ಕ ಸ್ಪಷ್ಟ. ಮುಟ್ಟದಿದ್ದರೆ ಭಾರವಿಲ್ಲ, ಭಾರವಿಲ್ಲದಿದ್ದರೆ ಗೀರಿಲ್ಲ.

ತೊಡಕಿರುವುದು ಕೊನೆಯ ತೆಳು ಪದರದಲ್ಲಿ. ನೀರು ಎಷ್ಟೇ ವೇಗವಾಗಿ ಹರಿದರೂ ಮೈಗೆ ತೀರಾ ಅಂಟಿಕೊಂಡ ಜಾಗದಲ್ಲಿ ಅದರ ವೇಗ ಸೊನ್ನೆಗೆ ಹತ್ತಿರ. ಆ ಪದರಕ್ಕಿಂತ ಸಣ್ಣ ಕಣಗಳು, ರಸ್ತೆಯ ಎಣ್ಣೆ ಹೊಗೆಯ ಜಿಡ್ಡು ಅಲ್ಲಿಯೇ ಉಳಿಯುತ್ತವೆ. ನೀರು ಹೊಡೆದು ಒಣಗಿದ ಕಾರಿನ ಮೇಲೆ ಬೆರಳಾಡಿಸಿದರೆ ಬೂದುಬಣ್ಣ ಹತ್ತುವುದು ಅದಕ್ಕೇ. ಅದನ್ನೂ ಮುಟ್ಟದೆ ತೆಗೆಯಬೇಕೆಂದರೆ ಕ್ಷಾರ ಜಾಸ್ತಿಯಿರುವ ರಾಸಾಯನಿಕ ಬೇಕು. ಅದು ಬಣ್ಣ ಕಾಯಲೆಂದು ಹಚ್ಚಿದ ಮೇಣವನ್ನೂ ಕಿತ್ತುಹಾಕುತ್ತದೆ. ಹೆಚ್ಚಿನ ಕಡೆ ನಡೆಯುವುದು ಬೇರೆಯೇ. ಫೋಮ್ ಹಾಕಿ ತೊಳೆದ ಮೇಲೆ ಹುಡುಗನೊಬ್ಬ ಹಿಂದಿನ ಹತ್ತು ಕಾರು ಒರೆಸಿದ ಬಟ್ಟೆಯನ್ನೇ ತಂದು ಒಣಗಿಸುತ್ತಾನೆ. ಮುಟ್ಟದೆ ಗಳಿಸಿದ್ದೆಲ್ಲ ಆ ಎರಡು ನಿಮಿಷದಲ್ಲಿ ಹೋಗುತ್ತದೆ.

ಯಂತ್ರದೊಳಗೆ ಕಾರು ತೂರಿಸಿ ತೊಳೆಸುವ ಪದ್ಧತಿಯದು ಇದಕ್ಕೆ ಸಮೀಪದ ಕಥೆ. ಜರ್ಮನಿಯಲ್ಲಿ ಅದು 1960ರ ದಶಕದಿಂದ ಬೆಳೆದಿದೆ. ಅಲ್ಲಿನ ಅನೇಕ ಊರುಗಳಲ್ಲಿ ಕಾರಿನ ಜಿಡ್ಡು ನೀರು ನೆಲಕ್ಕಿಳಿಯದಂತೆ ರಸ್ತೆಯಲ್ಲಿ ತೊಳೆಯುವುದಕ್ಕೇ ನಿರ್ಬಂಧವಿದೆ. ಹಳೆಯ ನೈಲಾನ್ ಬ್ರಶ್ಶಿನ ಜಾಗಕ್ಕೆ ಮೆತ್ತನೆ ಫೋಮ್ ಪಟ್ಟಿಗಳು ಬಂದಿವೆ. ಆದರೂ ಹಿಂದಿನ ಕಾರಿನ ಮಣ್ಣು ಮುಂದಿನ ಕಾರಿಗೆ ಬಾರದಂತೆ ಅವನ್ನು ತೊಳೆದುಕೊಳ್ಳುವುದು ನಡೆಸುವವರ ಶಿಸ್ತಿಗೆ ಬಿಟ್ಟದ್ದು.

ಎರಡು ಬಕೆಟ್ಟಿನವರು

ಮುಟ್ಟಲೇಬೇಕು, ಆದರೆ ಮುಟ್ಟುವ ಕೈಯಲ್ಲಿ ಮರಳು ಇರಬಾರದು ಎನ್ನುವುದು ಮೂರನೆಯ ಪಂಥ. ಕಾರನ್ನು ನೆರಳಿಗೆ ತಂದು ಮೈ ತಣ್ಣಗಾಗಲು ಬಿಡಿ. ಮೊದಲು ಧಾರಾಳವಾಗಿ ನೀರು ಹಾಯಿಸಿ ಸಡಿಲ ಮಣ್ಣನ್ನು ಕಳಿಸಿಬಿಡಿ. ಆಮೇಲೆ ಎರಡು ಬಕೆಟ್: ಒಂದರಲ್ಲಿ ಕಾರಿನ ಶಾಂಪೂ, ಇನ್ನೊಂದರಲ್ಲಿ ಬರೀ ನೀರು, ತಳದಲ್ಲಿ ಒಂದು ಜಾಲರಿ. ಶಾಂಪೂವಿನಲ್ಲಿ ಅದ್ದಿದ ಮೈಕ್ರೋಫೈಬರ್ ಕೈಚೀಲದಿಂದ ಒಂದು ಭಾಗ ತೊಳೆದು, ಬರೀ ನೀರಿನ ಬಕೆಟ್ಟಿನಲ್ಲಿ ಜಾಲರಿಗೆ ಉಜ್ಜಿ ಮಣ್ಣು ಬಿಡಿಸಿ, ಮತ್ತೆ ಶಾಂಪೂವಿಗೆ. ಟಾಪ್‌ನಿಂದ ಕೆಳಕ್ಕೆ. ಬಾಗಿಲಿನ ಕೆಳಭಾಗ, ಚಕ್ರದ ಸುತ್ತ ಬೇರೆ ಬಟ್ಟೆ.

ಇಲ್ಲಿ ಶಾಂಪೂವಿನ ಮುಖ್ಯ ಕೆಲಸ ಕೊಳೆ ತೆಗೆಯುವುದಲ್ಲ, ಜಾರಿಸುವುದು. ಕಣ ಬಣ್ಣಕ್ಕೆ ಒತ್ತಿಕೊಳ್ಳದೆ ಜಾರಿಹೋಗಲಿ ಎಂದು. ಬಟ್ಟೆ ಒಗೆಯುವ ಪುಡಿ ಬೇಡ ಎನ್ನುವುದಕ್ಕೆ ಕಾರಣ ಅದರ ಕ್ಷಾರ ಮೇಣವನ್ನು ತೆಗೆದುಬಿಡುತ್ತದೆ, ಕರಗದೆ ಉಳಿದ ಹರಳು ತಾನೇ ಉಜ್ಜುತ್ತದೆ.

ಮೈಕ್ರೋಫೈಬರ್ ಎಂಬ ಬಟ್ಟೆಯ ಹುಟ್ಟು ಜಪಾನಿನದು. 1970ರಲ್ಲಿ ಟೋರೇ ಕಂಪನಿಯ ಮಿಯೋಶಿ ಒಕಾಮೊಟೊ ಅತಿಸೂಕ್ಷ್ಮ ಎಳೆಗಳಿಂದ ಕೃತಕ ಚರ್ಮ ಮಾಡಿದ್ದು ಇದರ ಮೂಲ. ಪಾಲಿಯೆಸ್ಟರ್, ಪಾಲಿಅಮೈಡ್ ಎಳೆಗಳನ್ನು ಸೀಳಿ ಮಾಡಿದ ಈ ಬಟ್ಟೆಯ ದಟ್ಟ ಜುಂಗಿನೊಳಗೆ ಕಣಗಳು ಸರಿದು ಕೂರುತ್ತವೆ, ಬಣ್ಣದಿಂದ ದೂರವಾಗುತ್ತವೆ. ಪಂಚೆಯ ಚಪ್ಪಟೆ ನೇಯ್ಗೆಯಲ್ಲಿ, ಗ್ಯಾರೇಜಿನ ಬನಿಯನ್ ವೇಸ್ಟಿನಲ್ಲಿ ಅವಕ್ಕೆ ಅಡಗಲು ಜಾಗವಿಲ್ಲ. ಆದರೆ ಈ ಬಟ್ಟೆಯನ್ನು ನೆಲಕ್ಕೆ ಬೀಳಿಸಿದಿರೋ, ಅದು ಮುಗಿಯಿತು. ಒಗೆಯದೆ ಕಾರಿಗೆ ಮುಟ್ಟಿಸಬಾರದು.

ಈ ಪಂಥದೊಳಗೇ ಒಂದು ಒಡಕಿದೆ. ಎರಡನೇ ಬಕೆಟ್ಟಿಗೆ ಅದ್ದಿದ ಮೇಲೂ ಬಟ್ಟೆಯಲ್ಲಿ ಮಣ್ಣು ಉಳಿಯುತ್ತದೆ. ಅದಕ್ಕಿಂತ ಒಂದೇ ಬಕೆಟ್ಟಿನಲ್ಲಿ ಹತ್ತು ಬಟ್ಟೆ ಹಾಕಿ, ಬಳಸಿದ್ದನ್ನು ಮತ್ತೆ ಅದ್ದದೆ ಪಕ್ಕಕ್ಕೆ ಎಸೆಯುತ್ತ ಹೋಗಿ ಎನ್ನುತ್ತಾರೆ ಕೆಲವರು. ನನಗೆ ಇವರ ಮಾತೇ ಸರಿ ಅನಿಸುತ್ತದೆ. ಕೊಳೆಯಾದ ಬಟ್ಟೆ ಕಾರಿಗೆ ಮರಳುವುದೇ ಇಲ್ಲವಾದರೆ ಅದು ಎಷ್ಟು ಶುದ್ಧವಾಯಿತು ಎಂಬ ಚಿಂತೆಯೇ ಇಲ್ಲ.

ಈ ಪದ್ಧತಿಗೆ ಬೇಕಾದದ್ದು ನೀರು ಮತ್ತು ಒಂದೂವರೆ ಗಂಟೆ. ಪೈಪು ಹಿಡಿದು ತೊಳೆದರೆ ಹತ್ತು ನಿಮಿಷಕ್ಕೆ 150 ಲೀಟರ್ ಹರಿದುಹೋಗುವುದು ಸುಲಭ. ಮನೆಬಳಕೆಯ ಪ್ರೆಶರ್ ವಾಷರ್ ನಿಮಿಷಕ್ಕೆ ಆರೇಳು ಲೀಟರ್ ಮಾತ್ರ ಕುಡಿಯುತ್ತದೆ, ಹಾಗಾಗಿ ಪೈಪಿಗಿಂತ ಅದೇ ಮಿತವ್ಯಯಿ.

ನೀರು ಉಳಿಸುವವರು

2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆಯುವುದನ್ನು ನಿಷೇಧಿಸಿತು. ತಪ್ಪಿದರೆ 5,000 ರೂಪಾಯಿ ದಂಡ. ಸುಮಾರು 100 ಕಿ.ಮೀ. ದೂರದಿಂದ ಎತ್ತಿ ತಂದ ಕಾವೇರಿಯನ್ನು ಬಂಪರಿನ ಮೇಲೆ ಸುರಿಯುವುದು ಸರಿಯಲ್ಲ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆ ಬೇಸಿಗೆಯಲ್ಲಿ ಟ್ಯಾಂಕರಿಗಾಗಿ ಕಾದವರು ಯಾರೂ ಅದನ್ನು ಮರೆಯಲಾರರು. ಆಗ ನಾಲ್ಕನೆಯ ಪಂಥಕ್ಕೆ ಕಿವಿಗೊಡುವವರು ಹೆಚ್ಚಾದರು: ಜಾಲಿಸದೆ ತೊಳೆಯುವುದು, ಅವರ ಮಾತಿನಲ್ಲಿ ‘ರಿನ್ಸ್‌ಲೆಸ್ ವಾಶ್’.

ಇದನ್ನು ಜನಪ್ರಿಯಗೊಳಿಸಿದವರಲ್ಲಿ ಮುಖ್ಯರು ಅಮೆರಿಕದ ಪಾಲಿಮರ್ ರಸಾಯನತಜ್ಞ ಡೇವಿಡ್ ಘೊಡೂಸಿ. ಅವರ ‘ಆಪ್ಟಿಮಮ್ ನೋ ರಿನ್ಸ್’ ದ್ರಾವಣವನ್ನು 4 ಲೀಟರ್ ನೀರಿಗೆ ಸುಮಾರು 15 ಮಿ.ಲೀ. ಬೆರೆಸಿದರೆ ಸಾಕು. ನೊರೆ ಬರುವುದಿಲ್ಲ. ಅದನ್ನು ಮೊದಲು ಕಾರಿನ ಮೇಲೆ ಸಿಂಪಡಿಸಿ, ಸ್ವಲ್ಪ ಹೊತ್ತು ನೆನೆಯಲು ಬಿಟ್ಟು, ತೊಯ್ದ ಮೈಕ್ರೋಫೈಬರ್ ಬಟ್ಟೆಯಿಂದ ಒಂದೇ ದಿಕ್ಕಿಗೆ ಹಗುರವಾಗಿ ಎಳೆದು, ಒಣಬಟ್ಟೆಯಿಂದ ಹೀರಿಸಬೇಕು. ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿದರೆ ಎಂಟು ಮುಖ ಸಿಗುತ್ತದೆ; ಪ್ರತಿ ಭಾಗಕ್ಕೆ ಹೊಸ ಮುಖ. ಇಡೀ ಕಾರು ಹತ್ತು ಲೀಟರಿನೊಳಗೆ.

ಪಾಲಿಮರ್ ಕಣವನ್ನು ಸುತ್ತಿಕೊಂಡು ಮೆತ್ತೆಯಂತೆ ಎತ್ತುತ್ತದೆ ಎನ್ನುವುದು ಪರವಾದಿಗಳ ವಿವರಣೆ. ಎದುರಾಳಿಗಳು ಕೇಳುವುದು ಇಷ್ಟೇ: ಬಂಗಾರದಂತೆ ಸುತ್ತಿಟ್ಟರೂ ಬೆಣಚು ಬೆಣಚೇ ಅಲ್ಲವೇ? ಒಂದು ವಾರದ ಒಣಧೂಳಿಗೆ ಈ ಪದ್ಧತಿ ಚೆನ್ನಾಗಿ ಕೆಲಸ ಮಾಡುತ್ತದೆ, ಅದನ್ನು ನಾನು ಕಂಡಿದ್ದೇನೆ. ಮಳೆಗಾಲದಲ್ಲಿ ಸಕಲೇಶಪುರದ ಘಾಟಿ ಇಳಿದು ಬಂದ ಕಾರಿನ ಕೆಸರಿಗೆ ಅದು ಸಲ್ಲದು. ಅಲ್ಲಿ ಮೊದಲು ನೀರು ಹಾಯಿಸಲೇಬೇಕು, ಪರವಾದಿಗಳೂ ಇದನ್ನು ಒಪ್ಪುತ್ತಾರೆ. ಒಣ ಮೈಗೆ ಸ್ಪ್ರೇ ಹೊಡೆದು ನೇರ ಒರೆಸುವ ‘ವಾಟರ್‌ಲೆಸ್’ ಬೇರೆಯದು. ಕೆಂಧೂಳಿನ ಊರಿನಲ್ಲಿ ಅದನ್ನು ನಾನು ಯಾರಿಗೂ ಹೇಳುವುದಿಲ್ಲ.

ನೀರು ಯಾವುದು ಎಂಬುದೂ ಮುಖ್ಯ. ಬೋರ್‌ವೆಲ್ ನೀರಿನ ಗಡಸು ಅಂಶ ಬಿಸಿಲಿನಲ್ಲಿ ಒಣಗಿ ಬಿಳಿ ಚುಕ್ಕಿಯಾಗುತ್ತದೆ. ಆ ಚುಕ್ಕಿ ತೆಗೆಯಲು ಉಜ್ಜುತ್ತೇವೆ, ಉಜ್ಜಿದರೆ ಗೀರು. ಮನೆಯ ಆರ್‌ಓ ಯಂತ್ರ ಹೊರಹಾಕುವ ನೀರನ್ನು ಬಕೆಟ್ಟಿಗೆ ಹಿಡಿದು ಕಾರು ತೊಳೆಯುವವರು ಬಹಳ ಜನ. ಒಳ್ಳೆಯ ಮನಸ್ಸಿನ ಕೆಲಸ, ಆದರೆ ಲವಣವೆಲ್ಲ ಸೇರಿಕೊಂಡಿರುವುದು ಆ ನೀರಿನಲ್ಲೇ. ಮೊದಲ ಸಲ ಮಣ್ಣು ಇಳಿಸಲು ಅದನ್ನು ಬಳಸಿ, ಕೊನೆಯ ಎರಡು ಚೊಂಬು ಮೆದು ನೀರಾಗಿರಲಿ. ಎಸ್‌ಟಿಪಿಯಲ್ಲಿ, ಅಂದರೆ ಕೊಳಚೆ ನೀರಿನ ಘಟಕದಲ್ಲಿ, ಸಂಸ್ಕರಿಸಿದ ನೀರಿಗೂ ಇದೇ ಮಾತು. ಸಾಮಾನ್ಯ ಸಂಸ್ಕರಣೆ ಕೊಳೆ ತೆಗೆಯುತ್ತದೆ, ಕರಗಿದ ಉಪ್ಪನ್ನಲ್ಲ.

ಕವಚ ತೊಡಿಸುವವರು

ತೊಳೆಯುವ ಬಗೆ ಬದಲಿಸುವುದಕ್ಕಿಂತ ಮೈಯನ್ನೇ ಗಟ್ಟಿ ಮಾಡಿ ಎನ್ನುತ್ತಾರೆ ಕೆಲವರು. ಸೆರಾಮಿಕ್ ಲೇಪದ ಡಬ್ಬಿಯ ಮೇಲೆ ‘9ಎಚ್’ ಎಂದಿರುತ್ತದೆ. ಕೊಳ್ಳುವವರು ಅದನ್ನು ಮೋಸ್ ಮಾಪನದ 9 ಎಂದುಕೊಳ್ಳುತ್ತಾರೆ, ಅಂದರೆ ಬಹುತೇಕ ವಜ್ರ. ಅದು ಪೆನ್ಸಿಲ್ ಪರೀಕ್ಷೆಯ ಅಂಕಿ, 9ಎಚ್ ಪೆನ್ಸಿಲಿಗೆ ಗೀರಲಿಲ್ಲ ಎಂದಷ್ಟೇ ಅರ್ಥ. ಬೆಣಚಿಗೆ ಅದು ಲೆಕ್ಕವಲ್ಲ. ಲೇಪದ ನಿಜವಾದ ಉಪಕಾರ ಬೇರೆ: ಧೂಳು ಕಡಿಮೆ ಅಂಟುತ್ತದೆ, ನೀರಿಗೆ ಬೇಗ ಬಿಡುತ್ತದೆ, ಹಾಗಾಗಿ ಮುಟ್ಟುವುದು ಕಡಿಮೆಯಾಗುತ್ತದೆ. ಪಿಪಿಎಫ್ ಎಂಬ ದಪ್ಪ ಫಿಲ್ಮು ಮಾತ್ರ ಗೀರನ್ನು ತನ್ನ ಮೇಲೆ ತೆಗೆದುಕೊಂಡು ಬಿಸಿಗೆ ಮಾಯಿಸಿಕೊಳ್ಳುತ್ತದೆ. ಅದರ ಬೆಲೆ ಎಲ್ಲರ ಕೈಗೆಟುಕುವುದಲ್ಲ. 2005ರಲ್ಲಿ ನಿಸ್ಸಾನ್ ಕಂಪನಿ ಸಣ್ಣ ಗೀರನ್ನು ತಾನೇ ಮುಚ್ಚಿಕೊಳ್ಳುವ ಕ್ಲಿಯರ್ ಕೋಟ್ ಪ್ರಕಟಿಸಿತ್ತು; ಆ ದಾರಿ ಸಾಮಾನ್ಯರ ಕಾರಿನವರೆಗೆ ಇನ್ನೂ ಹರಿದಿಲ್ಲ.

ತೀರದ ಪ್ರಶ್ನೆಗಳು

ಬಣ್ಣದ ಗೀರು ಸಹಿಷ್ಣುತೆ ಅಳೆಯಲು ಐಎಸ್‌ಓ 20566 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ಪ್ರಯೋಗಾಲಯದ ಪುಟ್ಟ ಕಾರ್ ವಾಶ್ ಯಂತ್ರದಲ್ಲಿ ತಿರುಗುವ ಬ್ರಶ್ಶಿಗೆ ಬೆಣಚಿನ ಪುಡಿ ಬೆರೆಸಿದ ನೀರು ಹಾಯಿಸಿ, ಮೊದಲೂ ಆಮೇಲೂ ಹೊಳಪು ಅಳೆಯುತ್ತಾರೆ. ಆದರೆ ಅದು ಒಂದು ಬಣ್ಣಕ್ಕಿಂತ ಇನ್ನೊಂದು ಬಣ್ಣ ಎಷ್ಟು ಗಟ್ಟಿ ಎಂದು ಹೇಳಬಲ್ಲದು; ಎರಡು ಬಕೆಟ್ ಮೇಲೋ ರಿನ್ಸ್‌ಲೆಸ್ ಮೇಲೋ ಎಂದು ಹೇಳುವುದಿಲ್ಲ. ಕೈಯ ಭಾರ, ಬಟ್ಟೆಯ ಜುಂಗು, ಊರಿನ ಧೂಳು ಇವುಗಳನ್ನು ಒಂದೇ ತಕ್ಕಡಿಗೆ ಹಾಕಿ ತೂಗುವ ಒಪ್ಪಿತ ವಿಧಾನವಿಲ್ಲ. ಹೀಗಾಗಿ ಪ್ರತಿ ಪಂಥವೂ ತನ್ನ ಬಾನೆಟ್ಟನ್ನೇ ಸಾಕ್ಷಿಯಾಗಿ ತೋರಿಸುತ್ತದೆ.

ಎಷ್ಟು ದಿನಕ್ಕೊಮ್ಮೆ ಎಂಬುದೂ ತೀರ್ಮಾನವಾಗಿಲ್ಲ. ಕಡಿಮೆ ಮುಟ್ಟಿದರೆ ಗೀರು ಕಡಿಮೆ. ಆದರೆ ಬಿಟ್ಟಷ್ಟೂ ಕೊಳೆ ಗಟ್ಟಿಯಾಗಿ, ಮುಟ್ಟುವ ದಿನ ಹೆಚ್ಚು ಉಜ್ಜಬೇಕು. ಬೇಸ್‌ಮೆಂಟಿನ ಕಾರಿಗೆ, ಮಳೆಮರದಡಿಯ ಕಾರಿಗೆ, ಕಟ್ಟಡ ಏಳುತ್ತಿರುವ ರಸ್ತೆಯ ಕಾರಿಗೆ ಈ ಲೆಕ್ಕ ಬೇರೆಬೇರೆ. ಇನ್ನು ಗೀರು ತಪ್ಪಿಸಲೆಂದು ನಾವು ಹಿಡಿದ ಮೈಕ್ರೋಫೈಬರ್ ಪ್ರತಿ ಒಗೆತದಲ್ಲೂ ಪ್ಲಾಸ್ಟಿಕ್ ಎಳೆಗಳನ್ನು ಚರಂಡಿಗೆ ಬಿಡುತ್ತದೆ. ನೀರು ಉಳಿಸಿ ಕೆರೆಗೆ ಪ್ಲಾಸ್ಟಿಕ್ ಕಳಿಸುವ ಈ ವಿನಿಮಯವನ್ನು ಯಾವ ಪಂಥವೂ ನೆಟ್ಟಗೆ ಎದುರಿಸಿಲ್ಲ. ಆಯುಧಪೂಜೆಯ ಬೆಳಗ್ಗೆ ಇಡೀ ರಾಜ್ಯ ಒಟ್ಟಿಗೆ ವಾಹನ ತೊಳೆಯುವಾಗ ಅದಕ್ಕೆ ಬೇಕಾದ ಸಂಸ್ಕರಿಸಿದ ನೀರನ್ನು ಬೀದಿಬೀದಿಗೆ ತಲುಪಿಸುವುದು ಹೇಗೆ ಎಂಬುದೂ ಹಾಗೆಯೇ ಉಳಿದಿದೆ.

ಕೂಲಿಯ ಪ್ರಶ್ನೆ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುತ್ತದೆ. ದಿನಾ ಒರೆಸುವುದು ಬೇಡ, ವಾರಕ್ಕೊಮ್ಮೆ ಹತ್ತು ಬಟ್ಟೆಯಲ್ಲಿ ತೊಳೆಯಿರಿ, ತಿಂಗಳ ದುಡ್ಡು ಅಷ್ಟೇ ಕೊಡುತ್ತೇನೆ ಎಂದು ನಮ್ಮ ಬೇಸ್‌ಮೆಂಟಿನ ಅಣ್ಣನಿಗೆ ಹೇಳಿದೆ. ಅವರು ಒಪ್ಪಿದರು. ಆಮೇಲೆ ಬೆರಳು ಮಡಿಚಿ ಲೆಕ್ಕ ಹಾಕಿದರು: ಹದಿನಾಲ್ಕು ಕಾರು, ಒಂದಕ್ಕೆ ಮುಕ್ಕಾಲು ಗಂಟೆ, ಎಲ್ಲರಿಗೂ ಬೇಕಾಗುವುದು ಭಾನುವಾರ ಬೆಳಗ್ಗೆಯೇ. ‘ಬಟ್ಟೆ ಯಾರು ಒಗೀತಾರೆ ಸಾರ್, ನೂರ ನಲವತ್ತು ಬಟ್ಟೆ?’ ಎಂದು ಕೇಳಿದರು.

ಸಂಘದ ಸಭೆಯಲ್ಲಿ ಇದನ್ನು ಎತ್ತಿದ್ದೇವೆ. ಬೇಸ್‌ಮೆಂಟಿನಲ್ಲಿ ಒಂದು ವಾಷಿಂಗ್ ಮೆಷಿನ್ ಇಡಬೇಕೆಂದು ಕೆಲವರು, ಕಾರುಗಳನ್ನು ವಾರದ ಏಳು ದಿನಕ್ಕೆ ಹಂಚಬೇಕೆಂದು ಕೆಲವರು. ಮುಂದಿನ ತಿಂಗಳು ಮತ್ತೆ ಕೂರುವುದೆಂದಾಗಿದೆ.